ಗಡಿ ದಾಟಿದ ಮೇಲೆ ಯಾವ ದಾರಿ? ದಾವಣಗೆರೆ, ಚಿತ್ರದುರ್ಗದಿಂದ ನೇಪಾಳಕ್ಕೆ ಕಾರಿನಲ್ಲಿ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಶುಪತಿನಾಥ, ಪೋಖರಾ, ಮುಕ್ತಿನಾಥ ಅಂತ ಸ್ವಂತ ಕಾರಿನಲ್ಲಿ ಹೊರಡುವ ಕೆಎ 16, ಕೆಎ 17 ಗಾಡಿಯವರು ಗಡಿವರೆಗಿನ ದಾರಿ ಬಗ್ಗೆ ತಲೆಕೆಡಿಸಿಕೊಳ್ಳುವುದು ಕಡಿಮೆ. ಹೈವೇ ಇದೆ, ಟೋಲ್ ಇದೆ, ಡಾಬಾ ಇದೆ. ತೊಂದರೆ ಶುರುವಾಗುವುದು ಗೇಟು ದಾಟಿದ ಮೇಲೆ. ಅಲ್ಲಿ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬರುವುದಿಲ್ಲ, ಗಂಟೆ ಲೆಕ್ಕ ಹಿಡಿಯಬೇಕು. ಕೆಳಗಿನ ಉತ್ತರಗಳನ್ನೆಲ್ಲ ಆ ಲೆಕ್ಕದ ಮೇಲೇ ಬರೆದಿದೆ.

ನಮ್ಮ ಕಡೆಯಿಂದ ಹೋಗುವವರು ಯಾವ ಗಡಿಯಲ್ಲಿ ದಾಟುವುದು ಒಳ್ಳೆಯದು?

ಉತ್ತರ ಪ್ರದೇಶದ ಗಡಿ ಊರು ಸೋನೌಲಿ. ಹೊಸಪೇಟೆ, ಹೈದರಾಬಾದ್, ನಾಗಪುರ, ಜಬಲ್ಪುರ, ರೀವಾ, ವಾರಾಣಸಿ, ಗೋರಖ್‌ಪುರ ಹಿಡಿದು ಹೋದರೆ ಎರಡು ಸಾವಿರ ಕಿಲೋಮೀಟರ್ ಆಸುಪಾಸು ಆಗುತ್ತದೆ. ಇಬ್ಬರು ಡ್ರೈವರ್ ಇದ್ದರೂ ನಾಲ್ಕು ದಿನ ಇಟ್ಟುಕೊಳ್ಳಿ. ಪೋಖರಾಕ್ಕೂ ಕಠ್ಮಂಡುವಿಗೂ ಇಲ್ಲಿಂದಲೇ ದಾರಿ ಒಡೆಯುತ್ತದೆ, ಮಧ್ಯೆ ಮನಸ್ಸು ಬದಲಾದರೂ ನಷ್ಟವಿಲ್ಲ.

ಕಠ್ಮಂಡು ಮಾತ್ರ ಗುರಿ ಎನ್ನುವವರು ರಕ್ಸೌಲ್ ನೋಡುತ್ತಾರೆ. ಎದುರಿಗೆ ನೇಪಾಳದ ಬೀರಗಂಜ್. ಅಲ್ಲಿಗೆ ಬಿಹಾರ ದಾಟಿ ಹೋಗಬೇಕು ಎಂಬುದು ನೆನಪಿರಲಿ. 2016ರ ಏಪ್ರಿಲ್‌ನಿಂದ ಬಿಹಾರದಲ್ಲಿ ಮದ್ಯಪಾನ ನಿಷೇಧವಿದೆ, ಡಿಕ್ಕಿಯಲ್ಲಿ ಮರೆತ ಒಂದು ಬಾಟಲಿ ಸಿಕ್ಕರೂ ಕೇಸಾಗಿ ಗಾಡಿ ಜಪ್ತಿಯಾಗುತ್ತದೆ. ಬನಬಸಾ ಗಡಿ ದೆಹಲಿ, ಉತ್ತರಾಖಂಡದ ಕಡೆಯಿಂದ ಬರುವವರಿಗೆ. ನಮಗೆ ಸುತ್ತು.

ಗಡಿಗೆ ಎಷ್ಟು ಹೊತ್ತಿಗೆ ಮುಟ್ಟಬೇಕು?

ಬೆಳಿಗ್ಗೆ, ಸಾಧ್ಯವಾದಷ್ಟು ಬೇಗ. ಗೋರಖ್‌ಪುರದಿಂದ ಸೋನೌಲಿಗೆ ಸುಮಾರು ನೂರು ಕಿಲೋಮೀಟರ್. ಗೋರಖ್‌ಪುರದಲ್ಲಿ ರಾತ್ರಿ ಮಲಗಿ ನಸುಕಿನಲ್ಲಿ ಹೊರಟರೆ ಲಾರಿ ಸಾಲು ಬೆಳೆಯುವ ಮುಂಚೆ ಗೇಟಿನ ಹತ್ತಿರ ಇರುತ್ತೀರಿ. ಸಾಲಿನಲ್ಲಿ ನಿಂತ ಲಾರಿಗಳ ಹಿಂದೆ ಕಾರು ನಿಲ್ಲಿಸಬೇಡಿ. ಸಣ್ಣ ಗಾಡಿಗಳು ಬಲಕ್ಕೆ ಬೇರೆಯಾಗಿ ಹೋಗುತ್ತಿರುತ್ತವೆ, ಪೊಲೀಸರನ್ನು ಕೇಳಿಯೇ ಮುಂದೆ ಹೋಗಿ.

ಮಧ್ಯಾಹ್ನ ಮೂರರ ಮೇಲೆ ಗಡಿ ಮುಟ್ಟಿದರೆ ಅವತ್ತು ಬೆಟ್ಟ ಹತ್ತುವ ಯೋಚನೆ ಬಿಡಿ. ಕಾಗದ ಮುಗಿಸಿ ಗಡಿಯಾಚೆಯ ಭೈರಹವಾದಲ್ಲೋ ಲುಂಬಿನಿಯಲ್ಲೋ ಉಳಿಯಿರಿ. ಲುಂಬಿನಿ ಭೈರಹವಾದಿಂದ ಇಪ್ಪತ್ತೆರಡು ಕಿಲೋಮೀಟರ್, ನೆಲ ಸಪಾಟು. ಬುದ್ಧ ಹುಟ್ಟಿದ ಜಾಗವನ್ನೂ ಅಶೋಕನ ಕಂಬವನ್ನೂ ನೋಡಿದ ಹಾಗಾಗುತ್ತದೆ.

ಗಡಿಯಲ್ಲಿ ಏನೇನು ಮಾಡಿಸಬೇಕು?

ಮೊದಲು ನಮ್ಮ ಕಡೆಯ ತಪಾಸಣೆ, ಆಮೇಲೆ ನೇಪಾಳದ ಗೇಟು. ಗೇಟಿನಾಚೆ ಬೇಲಹಿಯಾದಲ್ಲಿ ಭನ್ಸಾರ್ ಕಚೇರಿ ಇದೆ. ಭನ್ಸಾರ್ ಅಂದರೆ ಅವರ ಕಸ್ಟಮ್ಸ್. ಆರ್‌ಸಿ, ಡ್ರೈವಿಂಗ್ ಲೈಸೆನ್ಸ್, ಮತದಾರರ ಚೀಟಿ ಅಥವಾ ಪಾಸ್‌ಪೋರ್ಟ್ ತೋರಿಸಿ ಎಷ್ಟು ದಿನ ಇರುತ್ತೀರಿ ಎಂದು ಹೇಳಿದರೆ ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಿಸಿಕೊಂಡು ಚೀಟಿ ಕೊಡುತ್ತಾರೆ. ಅದಾದ ಮೇಲೆ ಸಾರಿಗೆಯವರ ಕೌಂಟರಿನಲ್ಲಿ ಪರ್ಮಿಟ್. ಎಲ್ಲ ಕಾಗದವೂ ಅಸಲಿ ಇರಲಿ, ಎರಡೆರಡು ಝೆರಾಕ್ಸ್ ಇರಲಿ. ಫೋನಿನಲ್ಲಿರುವ ಡಿಜಿಲಾಕರ್ ನಮ್ಮ ದೇಶದ ಏರ್ಪಾಡು, ಅಲ್ಲಿನ ಕೌಂಟರಿನಲ್ಲಿ ಅದನ್ನೇ ನೆಚ್ಚಿಕೊಂಡು ನಿಲ್ಲಬೇಡಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಚೀಟಿಯ ತಾರೀಖು ವಿಕ್ರಮ ಸಂವತ್ಸರದ ಲೆಕ್ಕದಲ್ಲಿ, ದೇವನಾಗರಿ ಅಂಕಿಯಲ್ಲಿ ಇರುತ್ತದೆ. ನಮ್ಮ 2025ರ ಏಪ್ರಿಲ್ ನಡುವಿಗೆ ಅಲ್ಲಿ 2082 ಶುರು. ತಿಂಗಳೂ ನಮ್ಮ ಹದಿನೈದನೇ ತಾರೀಖಿನ ಆಸುಪಾಸು ಬದಲಾಗುತ್ತದೆ. ಕೊನೆಯ ದಿನ ನಮ್ಮ ಕ್ಯಾಲೆಂಡರ್ ಪ್ರಕಾರ ಯಾವುದು ಎಂದು ಕೌಂಟರಿನಲ್ಲೇ ಕೇಳಿ ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದುಕೊಳ್ಳಿ. ಎರಡು, ಲೆಕ್ಕಕ್ಕೆ ಸರಿಯಾಗಿ ಐದು ದಿನಕ್ಕೆ ಬರೆಸಿಕೊಂಡು ಹೋಗಿ, ಐದನೇ ದಿನ ದಾರಿಯಲ್ಲಿ ಗುಡ್ಡ ಕುಸಿದು ಸಿಕ್ಕಿಕೊಳ್ಳುವುದು. ಅವಧಿ ಮೀರಿದ ಗಾಡಿಗೆ ದಂಡ ಬೀಳುತ್ತದೆ, ಹೆಚ್ಚು ಮೀರಿದರೆ ಗಾಡಿಯೇ ಹೋಗಬಹುದು. ಒಂದು ದಿನ ಹೆಚ್ಚಿಗೆ ಬರೆಸಿ, ಮಳೆಗಾಲವಾದರೆ ಎರಡು. ಆ ಶುಲ್ಕ ಹೋಟೆಲ್ಲಿನ ಒಂದು ಊಟದ ಬೆಲೆಯಲ್ಲಿ ಮುಗಿಯುತ್ತದೆ. ವರ್ಷಕ್ಕೆ ಒಟ್ಟು ಮೂವತ್ತು ದಿನದ ಮಿತಿ ಇದೆ.

ಭೈರಹವಾದಿಂದ ಪೋಖರಾಕ್ಕೆ ಎರಡು ದಾರಿ ಅಂತಾರೆ. ಯಾವುದು ಕ್ಷೇಮ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಒಂದೇ ಮಾತಿನ ಉತ್ತರ ಇಲ್ಲ, ತಿಂಗಳು ನೋಡಿ ಹೇಳಬೇಕು.

ಎರಡೂ ಒಡೆಯುವುದು ಭೈರಹವಾದ ಉತ್ತರಕ್ಕಿರುವ ಬುಟವಲ್‌ನಲ್ಲಿ. ಮೊದಲನೆಯದು ಸಿದ್ಧಾರ್ಥ ರಾಜಮಾರ್ಗ. ಬುಟವಲ್ ಊರು ಮುಗಿಯುತ್ತಿದ್ದಂತೆ ಬೆಟ್ಟ ಬಾಯಿ ತೆರೆದ ಹಾಗೆ ಕಣಿವೆಯೊಳಗೆ ನುಗ್ಗುತ್ತದೆ. ತಾನ್ಸೇನ್, ರಾಮ್ದಿ, ವಾಲಿಂಗ್, ಸ್ಯಾಂಗ್ಜಾ ದಾಟಿ ಪೋಖರಾ. ಬುಟವಲ್‌ನಿಂದ ನೂರಾ ಅರವತ್ತು ಕಿಲೋಮೀಟರ್ ಆಸುಪಾಸು. ಭಾರತದ ನೆರವಿನಿಂದ ಕಟ್ಟಿದ ರಸ್ತೆ. ಅಗಲ ಕಡಿಮೆ, ತಿರುವು ಒಂದರ ಹಿಂದೆ ಒಂದು. ನೂರಾ ಅರವತ್ತು ಕಿಲೋಮೀಟರ್ ಅಂದರೆ ನಮಗೆ ದಾವಣಗೆರೆಯಿಂದ ಹುಬ್ಬಳ್ಳಿಗೆ ಹೋಗುವಷ್ಟು ಸಣ್ಣ ದಾರಿ ಎನಿಸಬಹುದು. ಅಲ್ಲಿ ಅದು ಆರರಿಂದ ಎಂಟು ಗಂಟೆ. ಲಾರಿ ಕಡಿಮೆ ಇರುವುದು ಈ ದಾರಿಯ ಲಾಭ.

ಈ ದಾರಿಯ ಗಂಟಲು ಅಂದರೆ ಬುಟವಲ್ ದಾಟಿದ ಕೂಡಲೇ ಬರುವ ಸಿದ್ಧಬಾಬಾ. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ತಿನಾವು ಹೊಳೆ. ಮೇಲಿನಿಂದ ಕಲ್ಲು ಉರುಳುವುದು ಇಲ್ಲಿ ಮಳೆಗಾಲಕ್ಕೆ ಮಾತ್ರ ಸೀಮಿತವಲ್ಲ. ಅದನ್ನು ತಪ್ಪಿಸಲೆಂದೇ ಸುರಂಗ ಕೊರೆಯುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ಕಾಮಗಾರಿ ಇದ್ದ ದಿನಗಳಲ್ಲಿ ಗಾಡಿಗಳನ್ನು ಗಂಟೆ ಲೆಕ್ಕದಲ್ಲಿ ತಡೆದು ಬಿಡುತ್ತಾರೆ. ಬುಟವಲ್‌ನಲ್ಲಿ ಉಳಿದವರು ಹೋಟೆಲಿನವರನ್ನು ಹಿಂದಿನ ರಾತ್ರಿಯೇ ಕೇಳಿಡಿ: ನಾಳೆ ಎಷ್ಟೊತ್ತಿಗೆ ಬಿಡುತ್ತಾರೆ? ಈ ಭಾಗದಲ್ಲಿ ಫೋಟೋಗೆ ನಿಲ್ಲಿಸಬೇಡಿ, ಗೋಡೆ ಪಕ್ಕ ನೆರಳಿದೆ ಎಂದು ಬುತ್ತಿ ಬಿಚ್ಚಬೇಡಿ.

ಎರಡನೆಯದು ಬುಟವಲ್‌ನಿಂದ ಪೂರ್ವಕ್ಕೆ ಮಹೇಂದ್ರ ರಾಜಮಾರ್ಗ ಹಿಡಿದು ನಾರಾಯಣಘಾಟ್, ಅಲ್ಲಿಂದ ಉತ್ತರಕ್ಕೆ ಮುಗ್ಲಿಂಗ್, ಮುಗ್ಲಿಂಗ್‌ನಿಂದ ಪಶ್ಚಿಮಕ್ಕೆ ಪೃಥ್ವಿ ರಾಜಮಾರ್ಗದಲ್ಲಿ ಪೋಖರಾ. ಬುಟವಲ್, ನಾರಾಯಣಘಾಟ್ ನಡುವೆ ಸುಮಾರು ನೂರಾ ಹದಿನೈದು ಕಿಲೋಮೀಟರ್, ಬಹುಪಾಲು ಬಯಲು. ಈ ರಸ್ತೆಯ ಅಗಲೀಕರಣ ವರ್ಷಗಟ್ಟಲೆ ಎಳೆದಿದೆ. ದಾವುನ್ನೆ ಎಂಬ ಸಣ್ಣ ಘಾಟಿಯಲ್ಲಿ ಮಳೆ ಬಿದ್ದರೆ ಕೆಸರಿನಲ್ಲಿ ಲಾರಿಗಳು ಹೂತು ಗಂಟೆಗಟ್ಟಲೆ ಜಾಮ್. ಬೇಸಿಗೆಯಲ್ಲಿ ಧೂಳು. ಮುಗ್ಲಿಂಗ್‌ವರೆಗಿನ ಮೂವತ್ತಾರು ಕಿಲೋಮೀಟರ್ ತ್ರಿಶೂಲಿ ನದಿಯ ದಂಡೆ, ಅದರ ಮಾತು ಮುಂದೆ ಇದೆ. ಮುಗ್ಲಿಂಗ್‌ನಿಂದ ಪೋಖರಾ ತೊಂಬತ್ತು ಕಿಲೋಮೀಟರ್.

ಹಾಗಾಗಿ ಅಕ್ಟೋಬರ್ ಕೊನೆಯಿಂದ ಮೇ ತನಕ, ಹಗಲು ಹೊತ್ತಿನಲ್ಲಿ, ಘಾಟಿ ಓಡಿಸಿ ಗೊತ್ತಿರುವವರಿಗೆ ಸಿದ್ಧಾರ್ಥವೇ ವಾಸಿ. ಬೆನ್ನು ನೋವಿನ ಹಿರಿಯರು, ವಾಂತಿ ಮಾಡುವ ಮಕ್ಕಳು ಇದ್ದರೆ ನಾರಾಯಣಘಾಟ್ ಹಿಡಿಯಿರಿ, ಅದರ ಹತ್ತಿರದ ಚಿತವನದಲ್ಲಿ ಒಂದು ರಾತ್ರಿ ಉಳಿದು ದಾರಿಯನ್ನು ಎರಡು ದಿನಕ್ಕೆ ಸೀಳಿ. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆವರೆಗೆ ಎರಡೂ ಬೇಡ. ಹೋಗಲೇಬೇಕು ಅಂದರೆ ಅವತ್ತು ಬೆಳಿಗ್ಗೆ ಯಾವುದು ತೆರೆದಿದೆಯೋ ಅದು.

ಕಠ್ಮಂಡುವಿಗೆ ಹೇಗೆ?

ಸೋನೌಲಿಯಿಂದಾದರೆ ನಾರಾಯಣಘಾಟ್, ಮುಗ್ಲಿಂಗ್, ಅಲ್ಲಿಂದ ಪೃಥ್ವಿ ರಾಜಮಾರ್ಗದಲ್ಲಿ ನೂರಾ ಹತ್ತು ಕಿಲೋಮೀಟರ್. ನೌಬಿಸೆಯಿಂದ ನಾಗಢುಂಗಾ ಏರು, ಅದರಾಚೆ ಕಠ್ಮಂಡು ಕಣಿವೆ. ಒಂದೇ ದಿನಕ್ಕೆ ಮುಗಿಸುತ್ತೇನೆ ಎಂದು ಹೊರಟವರು ನಾಗಢುಂಗಾವನ್ನು ಕತ್ತಲಲ್ಲಿ, ಲಾರಿಗಳ ನಡುವೆ, ಮೊದಲ ಗೇರಿನಲ್ಲಿ ಏರುತ್ತಾರೆ. ಚಿತವನದಲ್ಲಿ ಅಥವಾ ಮುಗ್ಲಿಂಗ್‌ನಲ್ಲಿ ಉಳಿದು ಮರುದಿನ ಮಧ್ಯಾಹ್ನದೊಳಗೆ ಊರು ಸೇರುವುದು ಸರಿ.

ಬೀರಗಂಜ್‌ನಿಂದ ಹೋದರೆ ಹೆಟೌಡಾದಲ್ಲಿ ದಾರಿ ಮೂರಾಗುತ್ತದೆ. ನೇರ ಉತ್ತರಕ್ಕೆ ತ್ರಿಭುವನ ರಾಜಪಥ, 2,488 ಮೀಟರ್ ಎತ್ತರದ ಸಿಂಭಂಜ್ಯಾಂಗ್ ಘಾಟಿ, ದಾಮನ್. ನೋಟ ಚೆಂದ, ರಸ್ತೆ ಕಿರಿದು, ಚಳಿಗಾಲದ ಬೆಳಿಗ್ಗೆ ನೆರಳಿನ ತಿರುವುಗಳಲ್ಲಿ ಮಂಜು ಗಟ್ಟಿಯಾಗಿ ಟೈರು ಜಾರುತ್ತದೆ. ಎರಡನೆಯದು ಭೀಮಫೇದಿ, ಕುಲೇಖಾನಿ ಒಳದಾರಿ. ಸ್ಥಳೀಯ ಜೀಪಿನವರು ಇದರಲ್ಲೇ ಓಡಾಡುತ್ತಾರೆ, ಮ್ಯಾಪ್ ಕೂಡ ಇದನ್ನೇ ತೋರಿಸುತ್ತದೆ ಏಕೆಂದರೆ ಗಿಡ್ಡ. ಆದರೆ ತೀರಾ ಕಡಿದು. ತುಂಬಿದ ಕಾರು ಏರುವಾಗ ಕ್ಲಚ್ ಸುಡುತ್ತದೆ, ಇಳಿಯುವಾಗ ಬ್ರೇಕ್ ಸುಡುತ್ತದೆ. ಮೂರನೆಯದು ನಾರಾಯಣಘಾಟ್, ಮುಗ್ಲಿಂಗ್ ಸುತ್ತು. ಉದ್ದ ಹೆಚ್ಚು, ಅಗಲವೂ ಹೆಚ್ಚು. ಮೊದಲ ಸಲ ಹೋಗುವವರಿಗೆ ಮೂರನೆಯದೇ.

ಪೂರ್ವದ ಬರ್ದಿಬಾಸ್‌ನಿಂದ ಸಿಂಧುಲಿ ಮೇಲೆ ಧುಲಿಖೇಲ್‌ಗೆ ಹೋಗುವ ಬಿಪಿ ರಾಜಮಾರ್ಗವನ್ನು ಜನಕಪುರ ನೋಡಿಕೊಂಡು ಬರುವವರು ಕೇಳುತ್ತಾರೆ. ಜಪಾನ್ ನೆರವಿನಿಂದ ಕಟ್ಟಿದ ಅಂದದ ರಸ್ತೆ. 2024ರ ಸೆಪ್ಟೆಂಬರ್ ಕೊನೆಯ ಪ್ರವಾಹದಲ್ಲಿ ರೋಶಿ ಹೊಳೆ ಅದರ ಉದ್ದುದ್ದ ಭಾಗವನ್ನೇ ಕೊಚ್ಚಿಕೊಂಡು ಹೋಯಿತು. ಹೊಳೆಯ ಪಾತ್ರದಲ್ಲಿ ಮಾಡಿದ ತಾತ್ಕಾಲಿಕ ದಾರಿ ಮಳೆ ಬಂದರೆ ನಿಲ್ಲುವುದಿಲ್ಲ. ಒಣ ತಿಂಗಳಲ್ಲೂ ವಿಚಾರಿಸದೆ ಆ ಕಡೆ ಚಕ್ರ ತಿರುಗಿಸಬೇಡಿ.

ಮ್ಯಾಪ್ ತೋರಿಸಿದ ದಾರಿಯಲ್ಲೇ ಹೋಗಬಹುದಲ್ಲ?

ದಿಕ್ಕಿಗೆ ಸರಿ, ತೀರ್ಮಾನಕ್ಕೆ ಅಲ್ಲ. ಮ್ಯಾಪಿಗೆ ಬೆಟ್ಟದ ಟ್ರ್ಯಾಕ್ಟರ್ ದಾರಿಯೂ ಒಂದು ಗೆರೆ, ಹೆದ್ದಾರಿಯೂ ಒಂದು ಗೆರೆ. ‘ಹತ್ತು ನಿಮಿಷ ಉಳಿಯುತ್ತದೆ’ ಎಂದು ಒಳಕ್ಕೆ ತಿರುಗಿಸಿದ ಗೆರೆ ಮೂರನೇ ಕಿಲೋಮೀಟರಿಗೆ ಡಾಂಬರು ಬಿಟ್ಟು ಮಣ್ಣಾಗುತ್ತದೆ, ಐದನೆಯದಕ್ಕೆ ತಿರುಗಿಸಲೂ ಜಾಗ ಇರುವುದಿಲ್ಲ.

ಹೊರಡುವ ಮುಂಚೆ ನಿಮ್ಮ ದಾರಿಯ ಊರುಗಳನ್ನು ಕ್ರಮವಾಗಿ ಕಾಗದದಲ್ಲಿ ಬರೆದುಕೊಳ್ಳಿ: ಬುಟವಲ್, ತಾನ್ಸೇನ್, ರಾಮ್ದಿ, ವಾಲಿಂಗ್, ಪುತಲಿಬಜಾರ್ (ಸ್ಯಾಂಗ್ಜಾ), ಪೋಖರಾ. ಮ್ಯಾಪ್ ಈ ಸಾಲಿನಿಂದ ಹೊರಗೆ ಎಳೆದರೆ ಅದರ ಮಾತು ಕೇಳಬೇಡಿ. ಅಲ್ಲಿನವರು ರಸ್ತೆಯನ್ನು ನಂಬರಿನಿಂದ ಕರೆಯುವುದಿಲ್ಲ. ಪೃಥ್ವಿ, ಸಿದ್ಧಾರ್ಥ, ಮಹೇಂದ್ರ ಅಂದರೆ ಗೊತ್ತಾಗುತ್ತದೆ. ಆ ಭಾಗದ ಮ್ಯಾಪನ್ನು ಗೋರಖ್‌ಪುರದಲ್ಲೇ ಆಫ್‌ಲೈನ್ ಇಳಿಸಿಕೊಳ್ಳಿ, ನಮ್ಮ ಸಿಮ್ ಗಡಿಯಿಂದ ಸ್ವಲ್ಪ ದೂರಕ್ಕೆ ಸತ್ತುಹೋಗುತ್ತದೆ. ಭೈರಹವಾದಲ್ಲಿ ನೇಪಾಳ ಟೆಲಿಕಾಂ ಅಥವಾ ಎನ್‌ಸೆಲ್ ಸಿಮ್ ಸಿಗುತ್ತದೆ, ಗುರುತಿನ ಚೀಟಿಯ ಪ್ರತಿ, ಒಂದು ಫೋಟೋ ಕೈಯಲ್ಲಿರಲಿ.

ರಸ್ತೆ ತೆರೆದಿದೆಯೋ ಮುಚ್ಚಿದೆಯೋ ಯಾರನ್ನು ಕೇಳುವುದು?

ನೇಪಾಳದಲ್ಲಿ ಟ್ರಾಫಿಕ್ ಪೊಲೀಸ್ 103, ಪೊಲೀಸ್ 100, ಆಂಬುಲೆನ್ಸ್ 102. ನೇಪಾಳ ಪೊಲೀಸರೂ ಅಲ್ಲಿನ ರಸ್ತೆ ಇಲಾಖೆಯೂ ಮುಚ್ಚಿದ ರಸ್ತೆಗಳ ಪಟ್ಟಿಯನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕುತ್ತಾರೆ. ಮಳೆಯ ಮುನ್ಸೂಚನೆ ಜಲ ಮತ್ತು ಹವಾಮಾನ ವಿಭಾಗದ್ದು.

ಎಲ್ಲಕ್ಕಿಂತ ಒಳ್ಳೆಯ ಸುದ್ದಿ ಎದುರಿನಿಂದ ಬರುವ ಬಸ್ಸಿನ ಡ್ರೈವರ್ ಹತ್ತಿರ ಇರುತ್ತದೆ. ಚಹಾದಂಗಡಿಯಲ್ಲಿ ನಿಂತ ಬಸ್ಸಿನವನನ್ನು ಹಿಂದಿಯಲ್ಲಿ ಕೇಳಿದರೂ ಆಗುತ್ತದೆ, ಆದರೆ ನಾಲ್ಕು ಪದ ಕಲಿತಿರಿ. ಬಾಟೊ ಅಂದರೆ ರಸ್ತೆ, ಪಹಿರೊ ಅಂದರೆ ಗುಡ್ಡ ಕುಸಿತ, ಉಕಾಲೊ ಏರು, ಓರಾಲೊ ಇಳಿಜಾರು. ‘ಬಾಟೊ ಬಂದ್ ಛ?’ ಅಂದರೆ ರಸ್ತೆ ಬಂದಾಗಿದೆಯಾ ಎಂದು. ‘ಪಹಿರೊ’ ಎಂಬ ಪದ ಕಿವಿಗೆ ಬಿದ್ದರೆ ಅಲ್ಲೇ ಇನ್ನೊಂದು ಚಹಾ ಹೇಳಿ. ಒಬ್ಬರ ಮಾತಿನ ಮೇಲೆ ಹೋಗಬೇಡಿ, ಇಬ್ಬರು ಡ್ರೈವರ್ ಒಂದೇ ಮಾತು ಹೇಳಿದರೆ ಹೊರಡಿ. ಹೋಟೆಲಿನವರ ಮಾತಿಗೆ ಸ್ವಲ್ಪ ಕಡಿತ ಹಾಕಿ ಕೇಳಬೇಕು, ಅವರಿಗೆ ನೀವು ಉಳಿದರೂ ಲಾಭ, ಮುಂದಿನ ಊರಿನ ಅಣ್ಣನ ಹೋಟೆಲಿಗೆ ಹೋದರೂ ಲಾಭ.

ಕುಸಿಯುವ ಜಾಗವನ್ನು ಮೊದಲೇ ಗುರುತಿಸಲು ಆಗುತ್ತದಾ?

ತಕ್ಕಮಟ್ಟಿಗೆ ಆಗುತ್ತದೆ. ದುರ್ಗದವರಿಗೆ ಇಲ್ಲೊಂದು ಅಡ್ಡಿ ಇದೆ. ನಮ್ಮ ಕೋಟೆಯ ಬಂಡೆಗಳು ನೂರಾರು ಕೋಟಿ ವರ್ಷ ಹಳೆಯವು, ಒಂದರ ಮೇಲೊಂದು ಅಲ್ಲಾಡದೆ ಕೂತಿವೆ. ಬಂಡೆಯ ಬುಡದಲ್ಲಿ ಗಾಡಿ ನಿಲ್ಲಿಸುವುದು ನಮಗೆ ಅಭ್ಯಾಸ. ಹಿಮಾಲಯ ಅದರ ಮುಂದೆ ಎಳೆ ಮಗು, ಈಗಲೂ ಏಳುತ್ತಿರುವ ಬೆಟ್ಟ. ಅದರ ಮೈ ಪದರಪದರವಾಗಿ ಒಡೆದಿದೆ, ನೀರು ಇಳಿದರೆ ಪದರಗಳ ನಡುವೆ ಜಾರುತ್ತದೆ. ರಸ್ತೆಗಾಗಿ ಬುಡ ಕಡಿದ ಕಡೆ ಇನ್ನೂ ಸಡಿಲ.

ನೋಡಬೇಕಾದ್ದು ಇಷ್ಟು. ಡಾಂಬರಿನ ಮೇಲೆ ಹೊಸ ಕಲ್ಲಿನ ಚೂರು, ಅಂಚು ಚೂಪಾಗಿ ಬಣ್ಣ ತಾಜಾ ಇದ್ದರೆ ಈಗಷ್ಟೇ ಬಿದ್ದದ್ದು. ಗುಡ್ಡದ ಮೇಲೆ ಮರಗಳೆಲ್ಲ ಒಂದೇ ಕಡೆ ವಾಲಿದ್ದರೆ ಮಣ್ಣು ಸರಿಯುತ್ತಿದೆ. ತಿಳಿಯಾಗಿ ಹರಿಯುತ್ತಿದ್ದ ಚರಂಡಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಅಥವಾ ಮಳೆ ಸುರಿಯುತ್ತಿದ್ದರೂ ಝರಿ ನಿಂತುಹೋದರೆ ಮೇಲೆ ಎಲ್ಲೋ ಕಟ್ಟಿಕೊಂಡಿದೆ. ಅಂಥ ಕಡೆ ತಡೆಯದೆ ಹಿಂದೆ ಸರಿಯಿರಿ. ರಸ್ತೆ ಬದಿಯಲ್ಲಿ ಸುಮ್ಮನೆ ನಿಂತ ಜೆಸಿಬಿ ಕೂಡ ಒಂದು ಫಲಕವೇ: ಇಲ್ಲಿ ಮತ್ತೆ ಮತ್ತೆ ಬೀಳುತ್ತದೆ ಎಂದು ಅದನ್ನು ಅಲ್ಲೇ ಬಿಟ್ಟಿರುತ್ತಾರೆ.

ಕುಸಿತದಿಂದ ಸಾಲು ನಿಂತಿದ್ದರೆ ಕಾರನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಬೇಡಿ, ಹೊಳೆಯ ಅಂಚಿನ ಹಸಿ ಮಣ್ಣಿನ ಮೇಲೂ ಬೇಡ. ಮೇಲೆ ಹಸಿರು ಹೊದ್ದ, ಕಡಿಯದ ಇಳಿಜಾರು ಇರುವ ಕಡೆಗೆ ಹಿಂದಕ್ಕೆ ಹೋಗಿ ನಿಲ್ಲಿಸಿ. 2024ರ ಸೆಪ್ಟೆಂಬರ್ 28ರ ಹೊತ್ತಿಗೆ ಕಠ್ಮಂಡು ಹತ್ತಿರದ ಝ್ಯಾಪ್ಲೆ ಖೋಲಾದಲ್ಲಿ ಮಣ್ಣಿನಡಿ ಹೂತು ಹೋದದ್ದು ಪ್ರಯಾಣಿಕರು ತುಂಬಿದ್ದ ಗಾಡಿಗಳೇ.

ರಾತ್ರಿ ಟ್ರಾಫಿಕ್ ಕಡಿಮೆ. ರಾತ್ರಿ ಓಡಿಸಿದರೆ?

ಬೇಡ. 2024ರ ಜುಲೈ 12ರ ನಸುಕಿನಲ್ಲಿ ನಾರಾಯಣಘಾಟ್, ಮುಗ್ಲಿಂಗ್ ರಸ್ತೆಯ ಸಿಮಲ್ತಾಲ್ ಎಂಬಲ್ಲಿ ಗುಡ್ಡ ಜಾರಿ ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ತಳ್ಳಿತು. ಅರವತ್ತಕ್ಕೂ ಹೆಚ್ಚು ಜನರಿದ್ದರು, ಬದುಕಿ ಬಂದವರು ಮೂವರು. ದೊಡ್ಡ ದೊಡ್ಡ ಬಸ್ಸುಗಳೇ ದಿನಗಟ್ಟಲೆ ಹುಡುಕಿದರೂ ಸಿಗಲಿಲ್ಲ, ಮಳೆಗಾಲದ ತ್ರಿಶೂಲಿ ಹಾಗಿರುತ್ತದೆ. ಮಳೆ ಜೋರಿದ್ದಾಗ ಆಡಳಿತವೇ ಇಂಥ ರಸ್ತೆಗಳಲ್ಲಿ ರಾತ್ರಿ ಸಂಚಾರ ನಿಲ್ಲಿಸುತ್ತದೆ.

ಕತ್ತಲು ಯಾವಾಗ ಆಗುತ್ತದೆ ಎಂಬುದರಲ್ಲೂ ನಮ್ಮವರು ಮೋಸ ಹೋಗುತ್ತಾರೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದು. ಜಾಗವೂ ನಮ್ಮಿಂದ ಪೂರ್ವಕ್ಕಿದೆ. ನವೆಂಬರ್ ನಡುವಿನಲ್ಲಿ ದಾವಣಗೆರೆಯಲ್ಲಿ ಆರು ಗಂಟೆ ಹತ್ತಿರ ಸೂರ್ಯ ಮುಳುಗಿದರೆ, ಪೋಖರಾದಲ್ಲಿ ಅಲ್ಲಿನ ಗಡಿಯಾರದ ಐದೂಕಾಲರ ಸುಮಾರಿಗೇ ಮುಗಿಯಿತು. ಕಣಿವೆಯೊಳಗೆ ಅದಕ್ಕೂ ಮುಂಚೆಯೇ ಬೆಟ್ಟದ ನೆರಳು ಬೀಳುತ್ತದೆ. ಹಾಗಾಗಿ ನಾಲ್ಕು ಗಂಟೆಗೆ ರೂಮು ಹುಡುಕಲು ಶುರು ಮಾಡಿ.

ಆಗುಂಬೆ ಘಾಟಿ ಎಷ್ಟೋ ಸಲ ಇಳಿಸಿದ್ದೇವೆ. ಅಷ್ಟು ಅನುಭವ ಸಾಲದೇ?

ತಿರುವು ತೆಗೆಯುವ ಕೈ ಸಾಲುತ್ತದೆ, ಬ್ರೇಕ್ ಸಾಲುವುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವು ಅರ್ಧ ಗಂಟೆಯೊಳಗೆ ಮುಗಿದು ಸೋಮೇಶ್ವರದಲ್ಲಿ ನೆಲ ಸಿಗುತ್ತದೆ. ಅಷ್ಟು ಹೊತ್ತು ಬ್ರೇಕ್ ಒತ್ತಿಕೊಂಡೇ ಇಳಿದರೂ ಗಾಡಿ ಕ್ಷಮಿಸುತ್ತದೆ. ನೇಪಾಳದಲ್ಲಿ ಏರಿ ಇಳಿಯುವುದು ಇಡೀ ದಿನದ ಕೆಲಸ, ಅಲ್ಲಿ ಕ್ಷಮೆ ಇಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯುವುದು 230 ಡಿಗ್ರಿ ಸೆಲ್ಸಿಯಸ್ ಮೇಲೆ. ತೇವ ಸೇರಿದ ಹಳೆಯದಕ್ಕೆ 155ರ ಹತ್ತಿರವೇ ಕುದಿ ಬರಬಹುದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ, ಆಗ ಪೆಡಲ್ ಬೆಣ್ಣೆಗೆ ಕಾಲಿಟ್ಟ ಹಾಗೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೆ ಎರಡು ವರ್ಷ ದಾಟಿದ ಆಯಿಲ್ ಇದ್ದರೆ ಊರಲ್ಲೇ ಬದಲಿಸಿ. ಪ್ಯಾಡ್ ಸವೆದು ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಅದನ್ನೂ. ಸ್ಟೆಪ್ನಿಗೆ ಗಾಳಿ ಹಾಕಿಸಿ. ಐದೂ ಟೈರು ನೋಡಿ ಹೊರಟವರು ಕಡಿಮೆ.

ಇಳಿಯುವಾಗ ಯಾವ ಗೇರಿನಲ್ಲಿ ಏರುತ್ತಿದ್ದಿರೋ ಅದೇ ಗೇರು: ಎರಡು, ಕಡಿದಾದ ಕಡೆ ಒಂದು. ಇಂಜಿನ್ ಗುರ್ರೆಂದರೆ ಹೆದರಬೇಡಿ, ಅದು ಗಾಡಿಯನ್ನು ಹಿಡಿದಿದೆ. ಆಟೋಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್ ಅಥವಾ ಎಲ್‌ಗೆ ಹಾಕಿ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಬುದ್ಧಿ ಬೇಡ. ತಿರುವಿಗೆ ಮುಂಚೆ ಗಟ್ಟಿಯಾಗಿ ಒಮ್ಮೆ ಬ್ರೇಕ್ ಒತ್ತಿ ವೇಗ ತಗ್ಗಿಸಿ, ಕಾಲು ತೆಗೆಯಿರಿ. ಸುಟ್ಟ ವಾಸನೆ ಬಂದರೆ ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಕಾಯಿರಿ. ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ.

ಮುಂದಿನ ಲಾರಿ ಬಲ ಇಂಡಿಕೇಟರ್ ಹಾಕಿದರೆ ‘ಹೋಗಿ’ ಎಂದೂ ಆಗಬಹುದು, ‘ನಾನು ಬಲಕ್ಕೆ ಬರುತ್ತಿದ್ದೇನೆ’ ಎಂದೂ ಆಗಬಹುದು. ನಿಮ್ಮ ಕಣ್ಣಿಗೆ ರಸ್ತೆ ಕಂಡರೆ ಮಾತ್ರ ಹಿಂದಿಕ್ಕಿ.

ಯಾವ ತಿಂಗಳು ಹೋಗುವುದು?

ಅಕ್ಟೋಬರ್ ನಡುವಿನಿಂದ ನವೆಂಬರ್, ಆಮೇಲೆ ಮಾರ್ಚ್, ಏಪ್ರಿಲ್. ನಮ್ಮ ದಸರಾ ರಜೆಗೆ ಅಲ್ಲಿ ದಶೈಂ ಹಬ್ಬ, ಇಡೀ ಕಠ್ಮಂಡು ಊರಿಗೆ ಹೊರಟಿರುತ್ತದೆ. ಹಬ್ಬದ ಹಿಂದು ಮುಂದಿನ ದಿನ ತಪ್ಪಿಸಿದರೆ ಒಳ್ಳೆಯದು. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಬೆಟ್ಟಕ್ಕಿಂತ ಬಯಲೇ ಅಪಾಯ. ವಾರಾಣಸಿಯಿಂದ ಬುಟವಲ್‌ವರೆಗೆ ಮಂಜು ಎಷ್ಟು ದಟ್ಟ ಎಂದರೆ ಬಾನೆಟ್ಟಿನಾಚೆ ಏನೂ ಕಾಣುವುದಿಲ್ಲ. ಆ ದಿನಗಳಲ್ಲಿ ಬೆಳಿಗ್ಗೆ ಹತ್ತರವರೆಗೆ ಹೊರಡದಿರುವುದೇ ದಾರಿ.

ಮುಕ್ತಿನಾಥಕ್ಕೆ ಕಾರು ಹೋಗುತ್ತದಾ?

ಹೋಗುತ್ತದೆ ಎಂದು ವಿಡಿಯೋ ತೋರಿಸುವವರು ಇದ್ದಾರೆ. ನಮ್ಮ ಸಲಹೆ, ಕಾರನ್ನು ಪೋಖರಾದಲ್ಲಿ ಬಿಟ್ಟು ಸ್ಥಳೀಯ ಜೀಪ್ ಹಿಡಿಯಿರಿ. ಬೇನಿ ದಾಟಿದ ಮೇಲೆ ಕಾಲಿಗಂಡಕಿಯ ಕಣಿವೆ, ತಾತೋಪಾನಿಯಿಂದ ಘಾಸಾವರೆಗೆ ಕಲ್ಲು, ಝರಿ, ಕೆಸರು. ನಮ್ಮ ಸೆಡಾನ್, ಹ್ಯಾಚ್‌ಬ್ಯಾಕ್‌ಗಳ ಹೊಟ್ಟೆ ಅಲ್ಲಿ ಉಜ್ಜುತ್ತದೆ, ಆಯಿಲ್ ಸಂಪ್ ಒಡೆದರೆ ಕ್ರೇನ್ ಬರಲು ದಿನ ಬೇಕು. ಅಲ್ಲಿನ ಚಾಲಕನಿಗೆ ಪ್ರತಿ ಝರಿಯ ಆಳ ಗೊತ್ತು.

ಪೋಖರಾ ಸಮುದ್ರ ಮಟ್ಟದಿಂದ ಎಂಟುನೂರು ಮೀಟರ್ ಚಿಲ್ಲರೆ, ಮುಕ್ತಿನಾಥ ಮೂರು ಸಾವಿರದ ಏಳುನೂರು ದಾಟುತ್ತದೆ. ಒಂದೇ ದಿನಕ್ಕೆ ಏರಿದರೆ ಹಿರಿಯರಿಗೆ ತಲೆಸಿಡಿತ, ವಾಂತಿ ಶುರುವಾಗಬಹುದು. ಕಾಲೋಪಾನಿ ಅಥವಾ ಜೋಮ್‌ಸೋಮ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರ್ಮಿಟ್ ಪೋಖರಾದಲ್ಲೇ ಮಾಡಿಸಿ. (ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ಕರ್ನಾಟಕದ ಕಡೆಯವರು. ಕನ್ನಡ ಕಿವಿಗೆ ಬಿದ್ದರೆ ಅಚ್ಚರಿ ಬೇಡ.)

ಗಾಡಿ ತಮ್ಮನ ಹೆಸರಲ್ಲಿದೆ. ಹಳದಿ ಬೋರ್ಡಿನ ಟಿಟಿ ತೆಗೆದುಕೊಂಡು ಹೋಗಬಹುದಾ?

ಮಾಲೀಕರು ಜೊತೆಯಲ್ಲಿ ಇಲ್ಲದಿದ್ದರೆ ಛಾಪಾ ಕಾಗದದ ಮೇಲೆ ಒಪ್ಪಿಗೆ ಪತ್ರ ಬರೆಸಿ ನೋಟರಿ ಮಾಡಿಸಿ. ಕನ್ನಡದಲ್ಲಿ ಬರೆದರೆ ಬೇಲಹಿಯಾದಲ್ಲಿ ಓದುವವರಿಲ್ಲ, ಇಂಗ್ಲಿಷ್ ಅಥವಾ ಹಿಂದಿಯಲ್ಲಿರಲಿ. ಹಳದಿ ಬೋರ್ಡಿಗೆ ನಿಯಮ ಬೇರೆ, ಪರ್ಮಿಟ್ ಬೇರೆ, ತೆರಿಗೆ ಬೇರೆ. ಆರ್‌ಟಿಒದಲ್ಲಿ ಕೇಳಿ ಕಾಗದ ಕೈಗೆ ಬಂದ ಮೇಲೆಯೇ ಅಡ್ವಾನ್ಸ್ ಕೊಡಿ.

ನಮ್ಮ ಇನ್ಶೂರೆನ್ಸ್ ಅಲ್ಲಿ ನಡೆಯುತ್ತದಾ? ಅಪಘಾತವಾದರೆ?

ಪಾಲಿಸಿಯಲ್ಲಿ ‘ಭೌಗೋಳಿಕ ವ್ಯಾಪ್ತಿ: ಭಾರತ’ ಎಂದಿರುತ್ತದೆ. ಸ್ವಲ್ಪ ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶ ಮುಂತಾದ ನೆರೆ ದೇಶಗಳಿಗೆ ವ್ಯಾಪ್ತಿ ವಿಸ್ತರಿಸಿ ಕೊಡುತ್ತಾರೆ. ಐಎಂಟಿ 1 ಎಂಡಾರ್ಸ್‌ಮೆಂಟ್ ಎಂದು ಕೇಳಿ. ಹೊರಡುವ ವಾರ ಮುಂಚೆ ಮಾಡಿಸಿ, ಗಡಿಯಲ್ಲಿ ನಿಂತು ಏಜೆಂಟರಿಗೆ ಫೋನ್ ಮಾಡಿದರೆ ಆಗುವ ಕೆಲಸವಲ್ಲ.

ಜನರಿಗೆ ಗಾಯವಾದರೆ ಪೊಲೀಸರು ಚಾಲಕನನ್ನೂ ಗಾಡಿಯನ್ನೂ ಠಾಣೆಗೆ ಒಯ್ಯುತ್ತಾರೆ. ಗಾಯಾಳುವಿಗೆ 102, ನಂತರ 103. ಗುಂಪಿನ ಜೊತೆ ದುಡ್ಡಿನ ಮಾತಿಗೆ ಇಳಿಯಬೇಡಿ, ಪೊಲೀಸರ ಎದುರಿಗೇ ಮಾತಾಡಿ. ಭಾರತದ ರಾಯಭಾರ ಕಚೇರಿ ಕಠ್ಮಂಡುವಿನ ಲೈನ್‌ಚೌರ್‌ನಲ್ಲಿದೆ, ಬೀರಗಂಜ್‌ನಲ್ಲಿ ಕಾನ್ಸುಲೇಟ್ ಇದೆ. ಎರಡರ ನಂಬರೂ ಬರೆದಿಟ್ಟುಕೊಳ್ಳಿ. ಹಸು ಅಲ್ಲಿನ ರಾಷ್ಟ್ರೀಯ ಪ್ರಾಣಿ. ತೆರಾಯಿ ಎನ್ನುವ ತಪ್ಪಲಿನ ಬಯಲಿನ ಊರುಗಳಲ್ಲಿ ಅವು ಡಾಂಬರಿನ ಮೇಲೇ ಮಲಗಿರುತ್ತವೆ, ಊರು ಬಂದ ಕೂಡಲೇ ವೇಗ ಇಳಿಸಿ. ಕುಡಿದು ಓಡಿಸಿದರೆ ಸ್ವಲ್ಪ, ಹೆಚ್ಚು ಎಂಬ ಲೆಕ್ಕವಿಲ್ಲದೆ ದಂಡ. ಕಠ್ಮಂಡುವಿನಲ್ಲಿ 2017ರಿಂದ ಸುಮ್ಮಸುಮ್ಮನೆ ಹಾರ್ನ್ ಹೊಡೆಯುವಂತಿಲ್ಲ, ನಮ್ಮ ಕೈಗೆ ಇದು ಎಲ್ಲಕ್ಕಿಂತ ಕಷ್ಟದ ನಿಯಮ.

ಬಂದ್ ಇದ್ದರೆ?

ಗಾಡಿ ಹೋಟೆಲಿನ ಕಾಂಪೌಂಡಿನೊಳಗೆ, ನೀವು ರೂಮಿನೊಳಗೆ. ‘ಟೂರಿಸ್ಟ್’ ಎಂದು ಬರೆದು ಅಂಟಿಸಿದರೆ ಬಿಡುತ್ತಾರೆ ಎಂಬುದನ್ನು ನೆಚ್ಚಬೇಡಿ. ಎರಡೂ ಕಡೆ ಚುನಾವಣೆಗೆ ಎರಡು ಮೂರು ದಿನ ಮುಂಚೆ ಗಡಿ ಮುಚ್ಚುವುದುಂಟು, ಉತ್ತರ ಪ್ರದೇಶ, ಬಿಹಾರದ ಮತದಾನದ ತಾರೀಖನ್ನೂ ನೋಡಿಕೊಳ್ಳಿ.

ದುಡ್ಡು, ಪೆಟ್ರೋಲ್?

ನೂರರ ನೋಟುಗಳನ್ನು ಕಟ್ಟಾಗಿ ಒಯ್ಯಿರಿ, ದೊಡ್ಡ ನೋಟಿಗೆ ದಾರಿಯಲ್ಲಿ ಚಿಲ್ಲರೆಯೂ ಇಲ್ಲ, ಮನಸ್ಸೂ ಇಲ್ಲ. ನಮ್ಮ ನೂರು ಅವರ ನೂರಾ ಅರವತ್ತು, ಈ ದರ ಬದಲಾಗುವುದಿಲ್ಲ. 2024ರಿಂದ ಕೆಲವು ಅಂಗಡಿಗಳ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ, ನೆಟ್‌ವರ್ಕ್ ಇದ್ದರೆ. ಫಾಸ್ಟ್ಯಾಗ್ ನಡೆಯುವುದಿಲ್ಲ. ಬೆಟ್ಟದಲ್ಲಿ ಟ್ಯಾಂಕ್ ಅರ್ಧಕ್ಕೆ ಇಳಿದರೆ ತುಂಬಿಸಿ, ರಸ್ತೆ ಬಂದಾದ ದಿನ ಬಂಕಿನಲ್ಲೂ ಸರಕು ಬರುವುದಿಲ್ಲ.

ಭೂತಾನಿಗೂ ಇದೇ ಲೆಕ್ಕವಾ?

ದಾರಿಯ ಮಟ್ಟಿಗೆ ಅಲ್ಲಿ ಆಯ್ಕೆ ಕಡಿಮೆ, ಗೊಂದಲವೂ ಕಡಿಮೆ. ನಮ್ಮ ಕಡೆಯ ಗಡಿ ಊರು ಜೈಗಾಂವ್‌ನಿಂದ ಭೂತಾನಿನ ಫುಂಟ್‌ಶೋಲಿಂಗ್, ಅಲ್ಲಿಂದ ಒಂದೇ ಹೆದ್ದಾರಿಯಲ್ಲಿ ಸುಮಾರು ನೂರೈವತ್ತು ಕಿಲೋಮೀಟರ್ ಥಿಂಪು. ಗೇಡು ಸುತ್ತಮುತ್ತ ಮಂಜು. ಖರ್ಚು ಬೇರೆಯೇ ಇದೆ: 2022ರ ಸೆಪ್ಟೆಂಬರ್‌ನಿಂದ ಭಾರತೀಯರಿಗೆ ತಲೆಗೆ ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ, ಅದರ ಮೇಲೆ ನಮ್ಮ ಗಾಡಿಗೆ ದಿನದ ಶುಲ್ಕ. ನಾಲ್ಕು ಜನರ ಲೆಕ್ಕ ಹಾಕಿದರೆ ಕಾರನ್ನು ಜೈಗಾಂವ್‌ನಲ್ಲಿ ಬಿಟ್ಟು ಅಲ್ಲಿನ ಟ್ಯಾಕ್ಸಿ ಹಿಡಿಯುವುದು ಅಗ್ಗ.

ವಾಪಸ್ ಬರುವಾಗ ಏನಾದರೂ ಮಾಡಿಸಬೇಕಾ?

ಭನ್ಸಾರ್ ಚೀಟಿಯನ್ನು ಹೊರಬರುವ ಗೇಟಿನಲ್ಲಿ ತೋರಿಸಿ ಗಾಡಿ ಹೊರಗೆ ಹೋಯಿತೆಂದು ದಾಖಲು ಮಾಡಿಸಿ. ಜನಜಂಗುಳಿಯಲ್ಲಿ ಯಾರೂ ತಡೆಯಲಿಲ್ಲ ಎಂದು ನೇರ ಬಂದುಬಿಟ್ಟರೆ ಅವರ ಪುಸ್ತಕದಲ್ಲಿ ನಿಮ್ಮ ಕಾರು ಇನ್ನೂ ನೇಪಾಳದಲ್ಲೇ ಇರುತ್ತದೆ, ಮುಂದಿನ ಸಲ ಕೌಂಟರಿನಲ್ಲಿ ಆ ಹಳೆಯ ಲೆಕ್ಕ ಎದ್ದು ನಿಲ್ಲುತ್ತದೆ. ಬೇರೆ ಗಡಿಯಿಂದ ಹೊರಬರುವ ಯೋಚನೆ ಇದ್ದರೆ ಚೀಟಿ ಬರೆಸುವಾಗಲೇ ಹೇಳಿ. ಮುದ್ರೆ ಹಾಕಿದ ಪ್ರತಿಯ ಫೋಟೋ ತೆಗೆದಿಟ್ಟುಕೊಂಡು ಗೋರಖ್‌ಪುರದ ದಾರಿ ಹಿಡಿಯಿರಿ.